ರೊಕ್ಕ ಕೊಟ್ಟು ಉಂಡ ಊಟ

ನಮ್ಮ ಸುಲೇಪೇಟದ ಮನೆಯಲ್ಲಿ ರೊಕ್ಕ ಕೊಟ್ಟು ಉಣ್ಣುವುದನ್ನು ಯಾರೂ ಒಳ್ಳೆಯ ಮಾತಾಗಿ ಆಡುತ್ತಿರಲಿಲ್ಲ. ಹೋಟೆಲಿನಲ್ಲಿ ಉಂಡವನೆಂದರೆ ಮನೆಯಲ್ಲಿ ಜಗಳವಾಡಿ ಎದ್ದು ಹೋದವನು, ಇಲ್ಲವೆ ಹೆಂಡತಿ ತವರಿಗೆ ಹೋದವನು, ಇಲ್ಲವೆ ಕೋರ್ಟು ಕಚೇರಿ ಅಲೆದು ಹೊತ್ತು ಮೀರಿದವನು. ಚಿಂಚೋಳಿಗೆ ಹೋಗಲಿ, ಸೇಡಂಗೆ ಹೋಗಲಿ, ಕಲಬುರಗಿಯ ದವಾಖಾನೆಗೇ ಹೋಗಲಿ, ಅವ್ವ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟು ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಬುತ್ತಿ ಇಲ್ಲದೆ ಹೊಸ್ತಿಲು ದಾಟಿದರೆ ಮನೆಯ ಮರ್ಯಾದೆ ಹೋದಂತೆ ಎಂಬುದು ಅವಳ ನಂಬಿಕೆ. ‘ಅನ್ನ ಮಾರಬಾರದವ್ವ, ಮಾರಿದ ಅನ್ನ ಮೈಗಿ ಹತ್ತಂಗಿಲ್ಲ’ ಎನ್ನುತ್ತಿದ್ದಳು.

ಆ ಮಾತಿನ ಹಿಂದೆ ಈ ನಾಡಿನ ದೊಡ್ಡ ಸಂಸ್ಕಾರವಿತ್ತು. ದಾಸೋಹವನ್ನು ಬದುಕಿನ ನೇಮವಾಗಿ ಮಾಡಿದ ಶರಣರ ಕಲ್ಯಾಣ ನಮಗೆ ದೂರದ್ದಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದ ಶರಣಬಸವೇಶ್ವರರು ಬೆಳೆದದ್ದನ್ನು ಹಾದಿಹೋಕರಿಗೂ ಹಕ್ಕಿಗಳಿಗೂ ಬಿಟ್ಟುಕೊಟ್ಟ ಕಥೆಯನ್ನು ನಾವು ತೊಟ್ಟಿಲಲ್ಲೇ ಕೇಳಿದವರು. ಕಲಬುರಗಿಯ ಅವರ ಗುಡಿಯಲ್ಲಿ ದಾಸೋಹ ಇವತ್ತಿಗೂ ನಡೆದಿದೆ. ಅದೇ ಊರಿನ ಖ್ವಾಜಾ ಬಂದೇನವಾಜರ ಉರುಸಿಗೆ ಹೋದವರಿಗೆ ಅಲ್ಲಿಯೂ ಅನ್ನದ ಪಂಕ್ತಿ ಇರುತ್ತದೆ. ಇಂಥ ಸೀಮೆಯಲ್ಲಿ ಊಟ ಮಾರಾಟಕ್ಕೆ ಬಂತು, ಅದರ ಜೊತೆಜೊತೆಗೇ ಪ್ಯಾಟಿಗಳು ಬೆಳೆದವು, ಬೆಳೆದ ಪ್ಯಾಟಿಯಲ್ಲಿ ಹೆಣ್ಣುಮಕ್ಕಳಿಗೂ ಊರ ಹೊರಗಿನ ಕೇರಿಯವರಿಗೂ ಕೂತು ಉಣ್ಣಲು ಒಂದು ಕುರ್ಚಿ ಸಿಕ್ಕಿತು. ಇದು ನನ್ನ ಕಣ್ಣ ಮುಂದೆಯೇ ಆದ ಬದಲಾವಣೆ. ಅವ್ವನ ಮಾತನ್ನು ಗೌರವದಿಂದಲೇ ನೆನೆಯುತ್ತೇನೆ. ಆದರೂ ಮಾರಿದ ಅನ್ನ ನಮ್ಮ ಜನಕ್ಕೆ ಕೊಟ್ಟದ್ದು ಕಡಿಮೆಯಲ್ಲ ಎಂದು ಇವತ್ತು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ಬಸ್ಸು ನಿಲ್ಲುವ ಕಡೆ ತಗಡಿನ ಚಪ್ಪರದ ಹೋಟೆಲೊಂದಿತ್ತು. ಚಾ, ಸುಸಲಾ, ಸಂಜೆಗೆ ಮಿರ್ಚಿ ಭಜಿ, ಅಷ್ಟೇ. ಅಲ್ಲಿ ಹೆಣ್ಣುಮಕ್ಕಳು ಕೂತದ್ದನ್ನು ನಾನು ಕಾಣಲಿಲ್ಲ. ಅಪ್ಪ ಹಳೇ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಭಜಿಯನ್ನು ಮನೆಯೊಳಗೇ ಹಂಚಿಕೊಂಡು ತಿನ್ನುತ್ತಿದ್ದೆವು. ಒಮ್ಮೆ ಅಪ್ಪನನ್ನು ಕರೆಯಲು ಹೋದಾಗ ಚಪ್ಪರದ ಹೊರಗಿನ ಗೂಡಿನಲ್ಲಿ ಬೇರೆ ಕಪ್ಪು ಬಸಿಗಳನ್ನು ಬೋರಲು ಹಾಕಿದ್ದು ಕಣ್ಣಿಗೆ ಬಿತ್ತು. ನಮ್ಮ ಹೊಲದಲ್ಲಿ ಅಪ್ಪನ ಜೋಡಿ ದಿನವಿಡೀ ದುಡಿಯುತ್ತಿದ್ದ ಒಬ್ಬ ಹಿರಿಯರು ಆ ಗೂಡಿನಿಂದ ಕಪ್ಪು ತೆಗೆದುಕೊಂಡು, ಮೇಲಿಂದ ಹಾಕಿಸಿಕೊಂಡ ಚಾ ಕುಡಿದು, ತಾವೇ ತೊಳೆದು ಮತ್ತೆ ಬೋರಲು ಇಟ್ಟರು. ಅವರು ಕೊಟ್ಟದ್ದೂ ಅಪ್ಪ ಕೊಟ್ಟಷ್ಟೇ ರೊಕ್ಕ. ಅಪ್ಪ ಬೆಂಚಿನ ಮೇಲೆ ಕೂತಿದ್ದ, ಅವರು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

ಹೋಟೆಲಿನ ಬಾಗಿಲಲ್ಲಿ ಜಾತಿ, ಧರ್ಮ, ಲಿಂಗ ಕೇಳಿ ಯಾರನ್ನೂ ತಡೆಯಕೂಡದು ಎಂದು ಸಂವಿಧಾನದ 15ನೇ ವಿಧಿ ಹೋಟೆಲಿನ ಹೆಸರು ಹಿಡಿದೇ ಹೇಳಿದೆ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಸಂವಿಧಾನ ಬರೆದವರಿಗೆ ಚಾದ ಅಂಗಡಿಯ ಬೆಂಚು ಯಾಕೆ ಅಷ್ಟು ದೊಡ್ಡದಾಗಿ ಕಂಡಿತು ಎಂಬುದು ಆ ಗೂಡನ್ನು ನೋಡಿದವರಿಗೆ ತಿಳಿಯುತ್ತದೆ. ಕಾಯ್ದೆ ದಿಲ್ಲಿಯಿಂದ ಹೊರಟು ಹಳ್ಳಿಯ ಚಪ್ಪರ ಮುಟ್ಟುವುದಕ್ಕೆ ಎಷ್ಟೋ ವರ್ಷ ಬೇಕಾದವು. ಅದು ಮೊದಲು ಮುಟ್ಟಿದ್ದು ಹಳಿ ಹಾದುಹೋದ, ಚಿಮಣಿ ಎದ್ದ ಊರುಗಳನ್ನು.

ಹಾಗೆ ನಾನು ಮೊದಲು ಕಂಡ ಊರು ವಾಡಿ. ಮುಂಬೈ ಕಡೆಯ ರೈಲುದಾರಿ 1871ರಲ್ಲಿ ರಾಯಚೂರು ತಲುಪಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಆಗ ಹೈದರಾಬಾದಿಗೆ ಹೋಗುವವರು ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಇಳಿದವರಿಗೆ ಹಸಿವಾಗುತ್ತದೆ, ಅಲ್ಲಿ ಅವರಿಗೆ ನೆಂಟರಿಲ್ಲ. ಹೀಗೆ ನಮ್ಮ ಸೀಮೆಯಲ್ಲಿ ಗುರುತಿಲ್ಲದವರಿಗೆ ಊಟ ಹಾಕುವುದು ಒಂದು ಕಸುಬಾಗಿ ಬೇರು ಬಿಟ್ಟಿತು. 1968ರಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಬಂದ ಮೇಲೆ ವಾಡಿಯ ಒಲೆಗಳು ಹಗಲು ರಾತ್ರಿ ಆರಲಿಲ್ಲ.

ನನ್ನ ಸೋದರಮಾವ ಆ ಕಾರ್ಖಾನೆಯಲ್ಲಿದ್ದರು. ಬೇಸಗೆ ರಜೆಗೆ ಹೋದಾಗ ಮಾವ ನಮ್ಮನ್ನು ಸ್ಟೇಷನ್ ಹೊರಗಿನ ಹೋಟೆಲಿಗೆ ಕರೆದೊಯ್ದರು. ನುಣ್ಣಗೆ ಸವೆದ ಶಹಾಬಾದಿ ಫರಶಿಯ ಟೇಬಲ್ಲುಗಳು, ಎರಡೂ ಕಡೆ ಉದ್ದನೆಯ ಬೆಂಚು. ಪಾಳಿ ಬಿಟ್ಟ ಕೆಲಸಗಾರರು ಗುಂಪಾಗಿ ಬಂದು ಜಾಗ ಇದ್ದಲ್ಲಿ ಕೂತರು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಸಿಮೆಂಟಿನ ಬೂದಿ ಇನ್ನೂ ಹಾಗೇ ಇತ್ತು. ಒಬ್ಬರದು ತೆಲುಗು, ಒಬ್ಬರದು ಉರ್ದು, ಒಬ್ಬರದು ಮರಾಠಿ, ಪಕ್ಕದವರದು ನಮ್ಮದೇ ಕನ್ನಡ. ಒಂದೇ ಜಗ್ಗಿನ ನೀರನ್ನು ಎಲ್ಲರೂ ಬಗ್ಗಿಸಿಕೊಂಡರು. ನಾನು ಹೊರಗಿನ ಗೂಡು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಮಾವನಿಗೆ ನನ್ನ ನೋಟ ತಿಳಿಯಿತು. ‘ಇಲ್ಲಿ ಯಾರ ಮನಿತಾನ ಯಾರಿಗಿ ಗೊತ್ತದವ್ವ? ಎಷ್ಟು ಇಡ್ಲಿ ಅಂತ ಕೇಳ್ತಾರ, ಅಷ್ಟೇ’ ಎಂದರು.

ಆ ಮಾತು ನನ್ನೊಳಗೆ ಉಳಿಯಿತು. ಹಳ್ಳಿಯ ಅನ್ನದಲ್ಲಿ ಪ್ರೀತಿ ಇತ್ತು. ಆದರೆ ಕೊಡುವವರು ಯಾರು, ಕೈ ಒಡ್ಡುವವರು ಯಾರು, ಒಳಗೆ ಯಾರು, ಅಂಗಳದಲ್ಲಿ ಯಾರು ಎಂಬುದು ಮೊದಲೇ ಗೊತ್ತಾಗಿಬಿಟ್ಟಿತ್ತು. ವಾಡಿಯ ಹೋಟೆಲಿನಲ್ಲಿ ಉಂಡವನು ಯಾರ ಋಣಕ್ಕೂ ಬೀಳಲಿಲ್ಲ. ಬಿಲ್ಲು ಕೊಟ್ಟ, ಎದ್ದ, ಹೋದ. ಮರುದಿನ ಮತ್ತೆ ಅದೇ ಬೆಂಚಿಗೆ ಬಂದು ಕೂತ. ಬೇರೆ ಬೇರೆ ಸೀಮೆಯ ದುಡಿಯುವ ಜನ ಒಂದೆಡೆ ಸೇರಿದ್ದರಿಂದ, ಅವರ ಕೈಗೆ ತಿಂಗಳ ಪಗಾರ ಬಂದಿದ್ದರಿಂದ ಇದು ಸಾಧ್ಯವಾಯಿತು.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕಲಬುರಗಿಯ ವೀರಮ್ಮ ಗಂಗಸಿರಿ ಮಹಿಳಾ ಕಾಲೇಜಿಗೆ ಸೇರಿದೆ. ಅದೇ ಹೊತ್ತಿಗೆ, 1980ರಲ್ಲಿ, ಗುಲ್ಬರ್ಗಾ ವಿಶ್ವವಿದ್ಯಾಲಯವೂ ಶುರುವಾಗಿತ್ತು. ಸುತ್ತಲಿನ ತಾಲೂಕುಗಳ ಹುಡುಗ ಹುಡುಗಿಯರು ಬ್ರಹ್ಮಪುರ, ಶಹಾಬಜಾರಗಳಲ್ಲಿ ರೂಮು ಹಿಡಿದು ಓದುತ್ತಿದ್ದರು. ನಮ್ಮ ಊಟ ಊರಿಂದ ಬರುತ್ತಿತ್ತು. ಬೆಳಗಿನ ಮೊದಲ ಬಸ್ಸಿಗೆ ಅವ್ವಂದಿರು ಬುತ್ತಿಗಂಟು ಕೊಟ್ಟು ಕಳಿಸುತ್ತಿದ್ದರು. ಡ್ರೈವರನ ಹಿಂದಿನ ಜಾಗದಲ್ಲಿ ಗಂಟುಗಳು ಸಾಲಾಗಿ ಕೂತು ಬರುತ್ತಿದ್ದವು. ನಾವು ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯಬೇಕು. ‘ಸುಲೇಪೇಟದ ಗಂಟು ಯಾರದ್ರೀ?’ ಎಂದು ಕಂಡಕ್ಟರು ಕೂಗುತ್ತಿದ್ದರು. ನಮ್ಮ ಗಂಟಿನ ಅಂಚಿಗೆ ಅವ್ವ ಕೆಂಪು ದಾರ ಹೊಲಿದಿದ್ದಳು. ಗಂಟು ಬಿಚ್ಚಿದರೆ ರೊಟ್ಟಿಯ ನಡುವೆ ಕೆಲವೊಮ್ಮೆ ಅಪ್ಪನ ಚೀಟಿ, ಕೆಲವೊಮ್ಮೆ ಐದು ರೂಪಾಯಿ ನೋಟು. ಕಲಬುರಗಿ ಜಿಲ್ಲೆಯ ಒಂದು ತಲೆಮಾರಿನ ಮೇಷ್ಟ್ರು, ವಕೀಲರು, ಡಾಕ್ಟರುಗಳು ಹೀಗೆ ಬಸ್ಸಿನಲ್ಲಿ ಬಂದ ರೊಟ್ಟಿ ಉಂಡು ಓದಿದವರು. ಆ ಗಂಟುಗಳನ್ನು ಜತನದಿಂದ ತಂದುಕೊಟ್ಟ ಡ್ರೈವರು ಕಂಡಕ್ಟರುಗಳ ಋಣ ನಮ್ಮೆಲ್ಲರ ಮೇಲಿದೆ.

ಬುತ್ತಿ ತಪ್ಪಿದ ದಿನ ಹುಡುಗರು ಖಾನಾವಳಿಗೆ ಹೋಗುತ್ತಿದ್ದರು. ಮುಸ್ಲಿಂ ಚೌಕದ ಕಡೆ ಹೋದವರು ಅರಿಶಿನ ಬಣ್ಣದ ಬಿಸಿ ತಹರಿಯನ್ನು ಕೆಂಪು ಚಟ್ನಿಯ ಜೋಡಿ ಉಂಡು ಬಂದು ಅದನ್ನೇ ದಿನವೆಲ್ಲ ಹೊಗಳುತ್ತಿದ್ದರು. ಹುಡುಗಿಯರಾದ ನಾವು ಚುರುಮುರಿ ಕಟ್ಟಿಸಿಕೊಂಡು ಬಂದು ರೂಮಿನಲ್ಲಿ ತಿನ್ನುತ್ತಿದ್ದೆವು. ಹೆಣ್ಣುಮಕ್ಕಳಷ್ಟೇ ಹೋಗಿ ಹೋಟೆಲಿನಲ್ಲಿ ಕೂಡುವ ರೂಢಿ ಇರಲಿಲ್ಲ. ಸೂಪರ್ ಮಾರ್ಕೆಟ್ ಸುತ್ತಲಿನ ದೊಡ್ಡ ಹೋಟೆಲುಗಳ ಮುಂದೆ ಹಾದುಹೋಗುವಾಗ ತುಪ್ಪದ ವಾಸನೆ, ಮೋರಿಯಲ್ಲಿ ತಟ್ಟೆ ತೊಳೆಯುವ ಸಪ್ಪಳ. ನಮ್ಮ ಪಾಲಿಗೆ ಬಂದದ್ದು ಅಷ್ಟು ಮಾತ್ರ.

ಒಮ್ಮೆ ಕಣ್ಣು ತೋರಿಸಲು ಅವ್ವ ಕಲಬುರಗಿಗೆ ಬಂದಳು. ಆವತ್ತು ಬೆಳಗಿನಿಂದ ಸುರಿದ ಮಳೆಗೆ ಬುತ್ತಿ ತೊಯ್ದು ಮುದ್ದೆಯಾಗಿತ್ತು. ದವಾಖಾನೆಯ ಪಾಳಿ ಮುಗಿದಾಗ ಮಧ್ಯಾಹ್ನ ಮೂರು. ನಾನು ಧೈರ್ಯ ಮಾಡಿ ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋದೆ. ಒಳಗೆ ‘ಫ್ಯಾಮಿಲಿ ರೂಮ್’ ಎಂದು ಬರೆದ ಹಸಿರು ಪರದೆಯ ಗೂಡುಗಳಿದ್ದವು. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಕುರ್ಚಿಯ ತುದಿಗೆ ಕೂತಳು. ಮಸಾಲೆ ದೋಸೆ ಬಂತು. ಅವಳು ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದಳು.

‘ಇದರ ರೊಕ್ಕ ಕೊಟ್ಟಮ್ಯಾಲ ನಮಗ ಯಾರೂ ಏಳ್ರಿ ಅನ್ನಂಗಿಲ್ಲೇನು?’

‘ಇಲ್ಲವ್ವ, ಉಣ್ಣು.’

ನಿಧಾನವಾಗಿ ಅಂಚಿನಿಂದ ಮುರಿದು ತಿಂದಳು. ಚಟ್ನಿ ಮುಗಿದದ್ದನ್ನು ನೋಡಿ ಸಪ್ಲೈಯರು ಕೇಳದೆಯೇ ಇನ್ನಷ್ಟು ಹಾಕಿ ಹೋದ. ಅವ್ವ ಅವನು ಹೋದ ಕಡೆ ನೋಡಿ ಹೇಳಿದಳು: ‘ನಾ ಕೂತಲ್ಲಿ ಕೂತೀನಿ, ಯಾರೋ ಮಾಡಿ, ಯಾರೋ ತಂದು ನನ್ನ ಮುಂದ ಇಟ್ಟಿದ್ದು ಇದೇ ಮೊದಲ ನೋಡು.’

ಅವಳು ಹೇಳಿದ್ದು ದೂರಲ್ಲ, ಇದ್ದ ಸಂಗತಿ. ಮದುವೆಯಾಗಿ ಬಂದಂದಿನಿಂದ ಮನೆಯ ಗಂಡಸರು, ಮಕ್ಕಳು, ಬಂದವರು, ಹೊಲದ ಆಳುಗಳು ಎಲ್ಲರೂ ಉಂಡ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ಉಂಡವಳು. ಎಳ್ಳಮಾಸಿಗೆ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಹಂಚುವಾಗಲೂ ಅವಳ ಪಾಲು ಕೊನೆಗೇ. ಅನ್ನ ಮಾರಬಾರದು ಎಂದವಳಿಗೆ, ಮಾರಿದ ಅನ್ನವೇ ಮೊದಲ ಸಲ ಉಪಚಾರ ಮಾಡಿತು. ನಾನು ಹೋಟೆಲುಗಳನ್ನು ಬೇರೆ ಕಣ್ಣಿಂದ ನೋಡತೊಡಗಿದ್ದು ಆವತ್ತಿನಿಂದ.

ಓದು ಮುಗಿಸಿ ನಾನು ಸೇಡಂನಲ್ಲಿ ಮಾಸ್ತರಿಕೆಗೆ ಸೇರಿದೆ. ಆ ಹೊತ್ತಿಗೆ ಕಾಗಿಣಾ ಸೀಮೆಯ ಸುಣ್ಣದ ಕಲ್ಲು ಊರಿನ ಚಹರೆಯನ್ನೇ ಬದಲಿಸತೊಡಗಿತ್ತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹತ್ತಿರ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಹೀಗೆ ಎಂಬತ್ತರ ದಶಕದಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಬಂದವು. ಮುಂದೆ ಚಿಂಚೋಳಿ ತಾಲೂಕಿನ ಛತ್ರಸಾಲ, ಚಿತ್ತಾಪುರದ ಇಟಗಾ, ಸೇಡಂನ ಕೋಡ್ಲಾ ಕಡೆಗೂ ಚಿಮಣಿಗಳು ಎದ್ದವು. ಸೇಡಂನ ಕೊತ್ತಲ ಬಸವೇಶ್ವರ ಗುಡಿ, ಹಳೇ ಓಣಿಗಳು, ಸಂತೆ ಇವುಗಳ ಸುತ್ತ ಇದ್ದ ಪ್ಯಾಟಿ ಬಸ್‌ಸ್ಟ್ಯಾಂಡಿನ ಕಡೆ, ಸ್ಟೇಷನ್ನಿನ ಕಡೆ, ಕೊನೆಗೆ ಊರ ಹೊರಗಿನ ಹೆದ್ದಾರಿಗೆ ಜರುಗಿತು. ಪ್ಯಾಟಿ ಯಾವ ಕಡೆ ಹೊರಟಿದೆ ಎಂದು ತಿಳಿಯಲು ನನಗೆ ನಕಾಶೆ ಬೇಕಾಗಲಿಲ್ಲ. ಹೊಸ ಹೋಟೆಲಿನ ಬೋರ್ಡು ಎಲ್ಲಿ ಏರಿತೋ ಅಲ್ಲಿ ಎರಡು ವರ್ಷದೊಳಗೆ ಬಟ್ಟೆ ಅಂಗಡಿ, ಬ್ಯಾಂಕು, ಲಾಡ್ಜು ಬರುತ್ತಿದ್ದವು.

ಬಂದ ಜನರ ನಾಲಿಗೆಗೆ ತಕ್ಕಂತೆ ಒಲೆಗಳೂ ಬದಲಾದವು. ತೆಲುಗು ಸೀಮೆಯವರಿಗೆ ಅನ್ನ, ಪಪ್ಪು, ಗೋಂಗೂರ ಹಾಕುವ ಮೆಸ್ಸುಗಳು. ಗೋಂಗೂರ ಎಂದರೆ ನಮ್ಮ ಪುಂಡಿಪಲ್ಯವೇ ಎಂದು ನಾವು ತಿಳಿದದ್ದು ಆ ಮೆಸ್ಸಿನಲ್ಲಿ ಉಂಡ ಮೇಲೆ. ಲಾರಿಗಳ ಉತ್ತರದೇಶಿ ಡ್ರೈವರುಗಳಿಗೆ ದಾಲ್, ತಂದೂರಿ ರೊಟ್ಟಿಯ ಧಾಬಾಗಳು. ಹೈದರಾಬಾದು ಹತ್ತಿರವಿರುವುದರಿಂದ ಬಿರಿಯಾನಿಯ ಹಂಡೆಗಳು. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿ ಹಬ್ಬಕ್ಕೆ ಬಂದ ತಾಂಡಾದ, ಹಳ್ಳಿಯ ಹುಡುಗರು ಕೇಳಿದ ಗೋಬಿ ಮಂಚೂರಿ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೂರುತ್ತಿದ್ದ ಹುಡುಗ ಮುಂದೆ ಇಡ್ಲಿ ಬಂಡಿ ಹಾಕಿದ, ಬಂಡಿಯಿಂದ ಹೋಟೆಲು ಕಟ್ಟಿದ, ಹೋಟೆಲಿನಿಂದ ತಂಗಿಯರ ಮದುವೆ ಮಾಡಿದ. ಅವನ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಗ್ಲಾಸು. ನಾನು ಹೋದರೆ ‘ಮೇಡಂ, ಇಲ್ಲಿ ಫ್ಯಾನ್ ಕೆಳಗ ಕೂಡ್ರಿ’ ಎನ್ನುತ್ತಾನೆ, ಪಕ್ಕದಲ್ಲಿ ಹಮಾಲಿ ಕೆಲಸದವರು ಕೂತಿರುತ್ತಾರೆ.

ಬೆಳೆದದ್ದು ಮುರಿದದ್ದನ್ನೂ ಕಂಡಿದ್ದೇನೆ. 1920ರ ದಶಕದಲ್ಲೇ ಸಿಮೆಂಟು ತೆಗೆದ ಶಹಾಬಾದ್ ಒಂದು ಕಾಲಕ್ಕೆ ಈ ಸೀಮೆಯ ದುಡಿಮೆಯ ರಾಜಧಾನಿ. ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ಗೇಟಿನ ಮುಂದಿನ ಚಾದ ಅಂಗಡಿಗಳು ಮೊದಲು ನಿಂತವು, ಆಮೇಲೆ ಖಾನಾವಳಿಗಳು. ಅಲ್ಲಿ ಬೆಳೆದ ನನ್ನ ಗೆಳತಿ ಹೇಳುತ್ತಿದ್ದಳು, ಅಪ್ಪ ಪಗಾರದ ದಿನ ತರುತ್ತಿದ್ದ ಮಿಠಾಯಿ ಪೊಟ್ಟಣ ನಿಂತಾಗಲೇ ಕಾರ್ಖಾನೆ ನಿಂತಿತೆಂದು ಮಕ್ಕಳಿಗೆ ಗೊತ್ತಾಯಿತು ಎಂದು. 2018ರಲ್ಲಿ ಶಹಾಬಾದ್ ತಾಲೂಕಾಯಿತು, ಕಚೇರಿಗಳು ಬಂದವು. ಆದರೆ ಪಾಳಿ ಬಿಟ್ಟ ಸಾವಿರಾರು ಜನ ಒಟ್ಟಿಗೆ ಚಾ ಕುಡಿಯುವ ಹೊತ್ತು ಮರಳಲಿಲ್ಲ. ಪಗಾರ ನಿಂತಲ್ಲಿ ಒಲೆ ನಿಲ್ಲುತ್ತದೆ, ಒಲೆ ನಿಂತಲ್ಲಿ ಪ್ಯಾಟಿ ನಿಲ್ಲುತ್ತದೆ. ಬರೀ ಕಟ್ಟಡ ಎಬ್ಬಿಸಿ, ದೀಪ ಹಾಕಿ ಊರು ಬೆಳೆಯಿತು ಎನ್ನುವವರು ಶಹಾಬಾದಿಗೆ ಒಮ್ಮೆ ಹೋಗಿ ಬರಬೇಕು.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ನಮ್ಮ ಜೋಳದ ರೊಟ್ಟಿ ಮನೆಯ ಒಲೆಯಿಂದ ಪ್ಯಾಟಿಗೆ ಬಂದದ್ದು. ಮೊದಮೊದಲು ಹೋಟೆಲಿನಲ್ಲಿ ರೊಟ್ಟಿ ಕೇಳಿದರೆ ‘ಅದು ಮನ್ಯಾಗ ಉಣ್ಣೂದ್ರಿ’ ಎನ್ನುತ್ತಿದ್ದರು. ಈಗ ಕಲಬುರಗಿಯಲ್ಲಿ, ಸೇಡಂನಲ್ಲಿ ಓಣಿಗೊಂದು ರೊಟ್ಟಿ ಕೇಂದ್ರ. ನಾನು ವಾರಕ್ಕೊಮ್ಮೆ ಹೋಗುವ ಕೇಂದ್ರವೊಂದು ಎರಡು ಖೋಲಿಯ ಮನೆ. ನಸುಕಿನಲ್ಲಿ ನಾಲ್ಕು ಹೆಂಗಸರು ನಾಲ್ಕು ಒಲೆಯ ಮುಂದೆ ಕೂತಿರುತ್ತಾರೆ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಕೈ ಸುಡುವಾಗಲೇ ನಾದುತ್ತಾರೆ. ಆ ಬಿಸಿಯಲ್ಲಿ ನಾದಿದರೆ ಮಾತ್ರ ಜೋಳದ ಹಿಟ್ಟಿಗೆ ಜಿಗಿ ಬರುತ್ತದೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ತಿರುಗಿಸುತ್ತಾರೆ, ಅಂಚು ಎಲ್ಲೂ ಬಿರಿಯುವುದಿಲ್ಲ. ಹಂಚಿಗೆ ಹಾಕಿದ ರೊಟ್ಟಿಯ ಮೈಮೇಲೆ ಒದ್ದೆ ಅರಿವೆ ಆಡಿಸಿ, ತಿರುವಿ, ಉಬ್ಬಿಸಿ ತೆಗೆಯುತ್ತಾರೆ. ಖಡಕ್ ಬೇಕಾದದ್ದನ್ನು ಒಲೆಯ ಬದಿಗೆ ಒರಗಿಸಿ ಒಣಗಿಸುತ್ತಾರೆ. ಎಣಿಸಿ ಕಟ್ಟಿದ ರೊಟ್ಟಿ ಖಾನಾವಳಿಗೆ, ಹಾಸ್ಟೆಲಿಗೆ, ಬೆಂಗಳೂರಿನ ಬಸ್ಸಿಗೆ ಹೋಗುತ್ತದೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಹಿಳಾ ಸಂಘಗಳ ರೊಟ್ಟಿಗೆ ಜಿಲ್ಲಾಡಳಿತವೂ ಈಚೆಗೆ ಮಾರುಕಟ್ಟೆ ಮಾಡಿಕೊಡುತ್ತಿದೆ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಂತೆ ರೊಟ್ಟಿಗೂ ಒಂದು ಮಾನ ಬಂದಿದೆ.

ಆ ಕೇಂದ್ರ ನಡೆಸುವ ಅಕ್ಕ ಗಂಡನಿಲ್ಲದವರು. ‘ಮನ್ಯಾಗ ಮಾಡಿದಾಗ ಯಾರೂ ಎಣಿಸಲಿಲ್ರಿ, ಈಗ ಒಂದೊಂದು ಎಣಿಸಿ ತೊಗೊಂಡು ಹೋಗ್ತಾರ’ ಎಂದರು. ಅವರ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ನನ್ನ ಅವ್ವ ಜೀವಮಾನದಲ್ಲಿ ಬಡಿದ ರೊಟ್ಟಿಗೆ ಲೆಕ್ಕವೂ ಇಲ್ಲ, ಕೂಲಿಯೂ ಇಲ್ಲ. ಅದೇ ಕೈಕೆಲಸಕ್ಕೆ ಬೆಲೆ ಬಂದಾಗ ಅನ್ನದ ಪಾವಿತ್ರ್ಯ ಹೋಗಲಿಲ್ಲ, ಅದನ್ನು ಮಾಡುವವಳ ಮಾನ ಹೆಚ್ಚಿತು. ಶರಣರು ಕಾಯಕ ಮತ್ತು ದಾಸೋಹವನ್ನು ಒಟ್ಟಿಗೆ ಹೇಳಿದವರು. ನಾವು ಹೆಂಗಸರ ವಿಷಯದಲ್ಲಿ ದಾಸೋಹವನ್ನು ಮಾತ್ರ ನೆನಪಿಟ್ಟು ಕಾಯಕದ ಫಲವನ್ನು ಮರೆತಿದ್ದೆವು.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಇನ್ನೊಂದು ಬದಲಾವಣೆ ಕಾಣುತ್ತಿದೆ. ಸುಲೇಪೇಟ, ಚಿಂಚೋಳಿ ಕಡೆಯ ಹೆಂಗಸರು ಕಲಬುರಗಿಗೆ ಹೋಗಿ ಶರಣಬಸವೇಶ್ವರರ ದರ್ಶನ ಮಾಡಿ, ಬಟ್ಟೆ ಕೊಂಡು, ಹೋಟೆಲಿಗೆ ಹೋಗಿ ನಾಷ್ಟಾ ಮಾಡಿ ಬರುತ್ತಾರೆ. ಉಳಿದ ಟಿಕೀಟಿನ ರೊಕ್ಕ ಒಂದು ಪ್ಲೇಟು ಇಡ್ಲಿ ವಡೆಯಾಗಿದೆ. ಪರದೆಯ ಫ್ಯಾಮಿಲಿ ರೂಮುಗಳು ಹೆಚ್ಚುಕಡಿಮೆ ಹೋಗಿವೆ. ಅವರು ಬೀದಿ ಕಾಣುವ ಟೇಬಲ್ಲಿಗೆ ಕೂತು, ದೊಡ್ಡ ದನಿಯಲ್ಲಿ ಮಾತಾಡುತ್ತ, ಮಗ್ಗುಲ ಮನೆಯ ಸೊಸೆಗೂ ಸೇರಿಸಿ ಬಿಲ್ಲು ಕೊಡುತ್ತಾರೆ. ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾಯಿತು, 2019ರಲ್ಲಿ ವಿಮಾನ ನಿಲ್ದಾಣ ಬಂತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇವೆಲ್ಲ ನನಗೆ ಹೆಮ್ಮೆಯೇ. ಆದರೂ ನಗರ ಬೆಳೆದಿದೆ ಎಂದು ನಾನು ನಂಬುವುದು ಆ ಹೆಂಗಸರು ಕೂತ ಟೇಬಲ್ಲನ್ನು ನೋಡಿ.

ಇನ್ನೂ ಆಗಬೇಕಾದದ್ದು ಬಹಳ ಇದೆ. ಕೆಲವು ಹಳ್ಳಿಗಳ ಚಾದ ಅಂಗಡಿಗಳಲ್ಲಿ ಬೇರೆ ಗ್ಲಾಸು ಇವತ್ತಿಗೂ ಉಳಿದಿದೆ, ಈಗ ಕಾಗದದ ಕಪ್ಪಿನ ಮರೆಯಲ್ಲಿ. ಹೋಟೆಲುಗಳಲ್ಲಿ ಓದುವ ವಯಸ್ಸಿನ ಹುಡುಗರು ಟೇಬಲ್ಲು ಒರೆಸುವುದು ನಿಲ್ಲಬೇಕು. ಒಲೆಯ ಹೊಗೆ ಕುಡಿದು ರೊಟ್ಟಿ ಬಡಿಯುವ ಹೆಂಗಸರಿಗೆ ಹೊಗೆ ಹೋಗುವ ಕಟ್ಟಡ, ತಕ್ಕ ಕೂಲಿ ಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದುಗಳಲ್ಲಿ ಪುರಸಭೆ, ನಗರಸಭೆಯವರು ಹೊಸ ಮಳಿಗೆ ಕಟ್ಟುವಾಗ ಇಂಥ ಕೇಂದ್ರಗಳಿಗೆ ಮುಂದಿನ ಸಾಲಿನಲ್ಲೇ ಕಡಿಮೆ ಬಾಡಿಗೆಗೆ ಜಾಗ ಇಡಲಿ. ಹೆಣ್ಣುಮಕ್ಕಳಿಗೆ ಶೌಚಾಲಯ, ಎಲ್ಲರಿಗೂ ಕುಡಿಯುವ ನೀರು ಇಲ್ಲದ ಪ್ಯಾಟಿಯನ್ನು ಬೆಳೆದ ಪ್ಯಾಟಿ ಎನ್ನಬಾರದು. ಗುಡಿಯಲ್ಲಿ, ದರ್ಗಾದಲ್ಲಿ ದಾಸೋಹ ನಡೆಯಲಿ, ಅದು ಈ ನೆಲದ ಪುಣ್ಯ. ಅದರ ಪಕ್ಕದಲ್ಲೇ, ದುಡಿದ ರೊಕ್ಕ ಎಣಿಸಿ ಕೊಟ್ಟು ತಲೆ ಎತ್ತಿ ಉಣ್ಣುವ ಬೆಂಚು ಪ್ರತಿ ಊರಲ್ಲೂ ಇರಬೇಕು, ಮತ್ತು ಅದರ ಮೇಲೆ ಯಾರು ಬೇಕಾದರೂ ಕೂಡಬಹುದಾಗಿರಬೇಕು.